ಉತ್ತರ ತಾಲ್ಲೂಕು, ಪಶ್ಚಿಮ ಪಾಲಿಕೆ, ಕೇಂದ್ರ ಕ್ಷೇತ್ರ: ಜಿಲ್ಲೆಯ ವಿಭಜನೆ ಮತ್ತು ವರ್ತಕರ ಕಡತ

ಮಾಗಡಿ ರಸ್ತೆಯ ಕಾಮಾಕ್ಷಿಪಾಳ್ಯದಲ್ಲಿ ಒಂದು ಲೇತ್ ಕಾರ್ಖಾನೆ ಇದೆ ಎಂದು ಭಾವಿಸೋಣ. ಕಂದಾಯ ಇಲಾಖೆಯ ಲೆಕ್ಕದಲ್ಲಿ ಅದು ಯಶವಂತಪುರ ಹೋಬಳಿಗೆ, ಬೆಂಗಳೂರು ಉತ್ತರ ತಾಲ್ಲೂಕಿಗೆ ಸೇರುತ್ತದೆ. 2025ರ ಸೆಪ್ಟೆಂಬರ್ 2ರಿಂದ ಅದರ ಆಸ್ತಿ ತೆರಿಗೆ ಮತ್ತು ವ್ಯಾಪಾರ ಪರವಾನಗಿ ಬೆಂಗಳೂರು ಪಶ್ಚಿಮ ನಗರಪಾಲಿಕೆಗೆ ಸೇರಿದ ವಿಷಯ. ಅದರ ಮಾಲೀಕರು ಮತ ಹಾಕುವ ರಾಜಾಜಿನಗರ ವಿಧಾನಸಭಾ ಕ್ಷೇತ್ರವು ಬೆಂಗಳೂರು ಕೇಂದ್ರ ಲೋಕಸಭಾ ಕ್ಷೇತ್ರದ ಒಂದು ಭಾಗ. ಕ್ರಯಪತ್ರಗಳ ನೋಂದಣಿಗೆ ರಾಜಾಜಿನಗರ ಎಂಬ ಬೇರೆಯೇ ಒಂದು ನೋಂದಣಿ ಜಿಲ್ಲೆ ಇದೆ. ನೆಲದ ಮೇಲೆ ನಿಂತ ಶೆಡ್ಡು ಒಂದಿಂಚೂ ಅಲುಗಾಡಿಲ್ಲ. ಕಾಗದದ ಮೇಲೆ ಮಾತ್ರ ಅದು ಉತ್ತರ, ಪಶ್ಚಿಮ ಮತ್ತು ಕೇಂದ್ರ ಮೂರರಲ್ಲೂ ಇದೆ.

ಇದನ್ನು ಸೋಜಿಗವೆಂದು ನಕ್ಕು ಬಿಡಬಹುದು. ಆದರೆ ಬ್ಯಾಂಕಿನಿಂದ ಯಂತ್ರಸಾಲ ಪಡೆಯುವ ಸಂದರ್ಭ, ಪಾಲುದಾರಿಕೆ ಸಂಸ್ಥೆಯ ಆಸ್ತಿ ಹಂಚಿಕೊಳ್ಳುವ ಸಂದರ್ಭ, ಅಥವಾ ತಂದೆಯ ಕಾಲದ ಶೆಡ್ಡನ್ನು ಮಕ್ಕಳ ಹೆಸರಿಗೆ ಮಾಡಿಸುವ ಸಂದರ್ಭ ಬಂದಾಗ ಈ ಸೋಜಿಗಕ್ಕೆ ಬೆಲೆ ತೆರಬೇಕಾಗುತ್ತದೆ. ಆ ಬೆಲೆಯನ್ನು ತೆರುವವನು ಗಡಿ ಬದಲಿಸಿದ ಸರ್ಕಾರವಲ್ಲ, ಗಡಿಯೊಳಗೆ ದುಡಿಯುವ ಸಣ್ಣ ಉದ್ಯಮಿ. ಬೆಂಗಳೂರು ಜಿಲ್ಲೆಯ ಆಡಳಿತ ಚರಿತ್ರೆಯನ್ನು ವ್ಯಾಪಾರಿಯ ಕಣ್ಣಿನಿಂದ ಒಮ್ಮೆ ನೋಡಬೇಕಾದ ಕಾರಣವೂ ಇದೇ.

1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ್ ಅವರಿಂದ ಮೈಸೂರಿನ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡ ಮೇಲೆ ಆಡಳಿತದ ಕೇಂದ್ರ ಬೆಂಗಳೂರಿಗೆ ಬಂದಿತು. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಅವರ ಕಾಲದಲ್ಲಿ ಸಂಸ್ಥಾನವು ಬೆಂಗಳೂರು, ಅಷ್ಟಗ್ರಾಮ, ನಗರ, ಚಿತ್ರದುರ್ಗ ಎಂಬ ನಾಲ್ಕು ವಿಭಾಗಗಳಲ್ಲಿತ್ತು. ವರ್ತಕರು ಆ ಕಾಲವನ್ನು ಇನ್ನೊಂದು ಕಾರಣಕ್ಕೂ ನೆನೆಯಬಹುದು: 769 ಬಗೆಯ ಚಿಲ್ಲರೆ ತೆರಿಗೆಗಳು ಆಗ ರದ್ದಾದವು. ಇಂದಿನ ಜಿ.ಎಸ್.ಟಿ. ದರಪಟ್ಟಿಯನ್ನು ಕುರಿತು ಗೊಣಗುವವರಿಗೆ ಈ ಸಂಖ್ಯೆ ಒಂದಿಷ್ಟು ಸಮಾಧಾನ ತರಬಹುದೇನೋ.

ಲೆವಿನ್ ಬೌರಿಂಗ್ ಅವರು 1862ರಲ್ಲಿ ಅಧಿಕಾರ ವಹಿಸಿಕೊಂಡ ನಂತರ ಈ ವ್ಯವಸ್ಥೆ ಬದಲಾಗಿ, ನಂದಿದುರ್ಗ, ಅಷ್ಟಗ್ರಾಮ ಮತ್ತು ನಗರ ಎಂಬ ಮೂರು ವಿಭಾಗಗಳೂ ಅವುಗಳಡಿ ಎಂಟು ಜಿಲ್ಲೆಗಳೂ ಏರ್ಪಟ್ಟವು. ಬೆಂಗಳೂರು, ಕೋಲಾರ, ತುಮಕೂರು ಜಿಲ್ಲೆಗಳು ನಂದಿದುರ್ಗ ವಿಭಾಗಕ್ಕೆ ಸೇರಿದವು. ಜಿಲ್ಲೆಯ ಮುಖ್ಯಸ್ಥನಿಗೆ ಡೆಪ್ಯುಟಿ ಕಮಿಷನರ್ ಎಂಬ ಹೆಸರು ಬಂದದ್ದೂ 1860ರ ದಶಕದ ಆ ಸುಧಾರಣೆಗಳಿಂದಲೇ. ಧಾರವಾಡದವರೂ ಮಂಗಳೂರಿನವರೂ ಕಲೆಕ್ಟರರ ಕಚೇರಿಗೆ ಅಲೆಯುತ್ತಿದ್ದಾಗ ಮೈಸೂರಿನವರು 'ಡಿ.ಸಿ. ಆಫೀಸಿಗೆ' ಹೋಗುತ್ತಿದ್ದರು, ಕಡೆಗೆ ಉಳಿದದ್ದು ಮೈಸೂರಿನ ಮಾತು. ಆ ಬೆಂಗಳೂರು ಜಿಲ್ಲೆ ಬಹು ದೊಡ್ಡದು. ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ, ಮಾಗಡಿ, ಚನ್ನಪಟ್ಟಣ, ಕನಕಪುರ, ಆನೇಕಲ್, ಜೊತೆಗೆ ಅಂದು ಕ್ಲೋಸ್‌ಪೇಟೆ ಎನಿಸಿಕೊಂಡಿದ್ದ ಇಂದಿನ ರಾಮನಗರ, ಎಲ್ಲವೂ ಅದರೊಳಗೇ ಇದ್ದವು. ಒಂದು ಶತಮಾನಕ್ಕೂ ಹೆಚ್ಚು ಕಾಲ ಈ ಚೌಕಟ್ಟು ಹೆಚ್ಚು ಕಡಿಮೆ ಹಾಗೆಯೇ ಉಳಿಯಿತು. ಹಳೆಯ ಕ್ರಯಪತ್ರಗಳಲ್ಲಿ 'ಬೆಂಗಳೂರು ಜಿಲ್ಲೆ' ಎಂದಷ್ಟೇ ಇರುವುದಕ್ಕೆ ಇದೇ ಕಾರಣ.

ಜಿಲ್ಲೆಗಳನ್ನು ಕೇವಲ ಲೆಕ್ಕದ ದೃಷ್ಟಿಯಿಂದ ಕೂಡಿ ಕಳೆದದ್ದೂ ಉಂಟು. 1876-78ರ ಭೀಕರ ಕ್ಷಾಮದಿಂದ ಮೈಸೂರಿನ ತಲೆಯ ಮೇಲೆ 80 ಲಕ್ಷ ರೂಪಾಯಿಗಳ ಸಾಲ ಬಿದ್ದಿತ್ತು. 1881ರ ಮಾರ್ಚ್‌ನಲ್ಲಿ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿದಾಗ ದಿವಾನ್ ರಂಗಾಚಾರ್ಲು ಅವರ ಮುಂದಿದ್ದ ಮೊದಲ ಕೆಲಸ ಖರ್ಚು ತಗ್ಗಿಸುವುದು. ಹಾಸನ ಮತ್ತು ಚಿತ್ರದುರ್ಗ ಜಿಲ್ಲೆಗಳು 1882ರಲ್ಲಿ ಉಪವಿಭಾಗಗಳ ಮಟ್ಟಕ್ಕೆ ಇಳಿದವು. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ, 1886ರಲ್ಲಿ, ಮತ್ತೆ ಜಿಲ್ಲೆಗಳಾದವು. ಖರ್ಚು ಹೆಚ್ಚಾಯಿತೆಂದು ಜಿಲ್ಲೆಯನ್ನೇ ಮುಚ್ಚುವ ಧೈರ್ಯ ಆನಂತರದ ಯಾವ ಸರ್ಕಾರದಲ್ಲೂ ಕಂಡುಬರುವುದಿಲ್ಲ.

ಆದರೆ ಬೆಂಗಳೂರಿನ ವರ್ತಕರಿಗೆ ಅತ್ಯಂತ ಪ್ರಯೋಜನಕಾರಿಯಾದ ಪಾಠ ಇರುವುದು ದಂಡಿನ ಪ್ರದೇಶದ ಕಥೆಯಲ್ಲಿ. 1881ರಲ್ಲಿ ರಾಜ್ಯ ಮರಳಿಸಿದರೂ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎನ್ನಲಾದ ದಂಡು ಪ್ರದೇಶವನ್ನು ಬ್ರಿಟಿಷರು ತಮ್ಮ ಬಳಿಯೇ ಉಳಿಸಿಕೊಂಡರು. ಅದು ಮೈಸೂರು ಮಹಾರಾಜರ ನೆಲವಾಗಿದ್ದರೂ ಅದರ ಆಡಳಿತ ರೆಸಿಡೆಂಟರದ್ದು. ಪೇಟೆಗೆ ಮೈಸೂರಿನ ಕಾನೂನು, ದಂಡಿಗೆ ಬ್ರಿಟಿಷ್ ಇಂಡಿಯಾದ ಕಾನೂನು. 1862ರಲ್ಲಿಯೇ ಪೇಟೆಗೊಂದು, ದಂಡಿಗೊಂದು ಎಂದು ಎರಡು ಪುರಸಭೆಗಳು ಹುಟ್ಟಿದ್ದವು. ಚಿಕ್ಕಪೇಟೆಯಲ್ಲಿ ಗೋದಾಮೂ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಅಂಗಡಿಯೂ ಇದ್ದ ವರ್ತಕನು ಎರಡು ಮೈಲಿಯ ಅಂತರದಲ್ಲಿ ಎರಡು ಆಡಳಿತಗಳಿಗೆ, ಎರಡು ಬಗೆಯ ನ್ಯಾಯಾಲಯಗಳಿಗೆ ಉತ್ತರ ಹೇಳಬೇಕಾಗಿತ್ತು. ಇಂದು ರಾಜ್ಯದ ಗಡಿ ದಾಟುವ ಸರಕಿಗೆ ಇರುವಷ್ಟೇ ತಲೆನೋವು ಅಂದು ಕಬ್ಬನ್ ಪಾರ್ಕನ್ನು ದಾಟುವಾಗ ಇತ್ತು ಎಂದರೆ ಅತಿಶಯೋಕ್ತಿಯಾಗದು.

1947ರ ಜುಲೈನಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ದಿನಗಳ ಮುಂಚೆ, ಈ ಪ್ರದೇಶ ಮೈಸೂರಿಗೆ ಮರಳಿತು. ಆಗ ನಡೆದ ಕೆಲಸವನ್ನು ಗಮನಿಸಬೇಕು. ಗಡಿ ಅಳಿಸಿತೆಂದು ಸುಮ್ಮನಿರದೆ, ಮರಳಿ ಬಂದ ಪ್ರದೇಶಕ್ಕೆ ಯಾವ ಕಾನೂನು ಅನ್ವಯ, ಹಿಂದಿನ ಕಾನೂನಿನಡಿ ಆಗಿಹೋದ ವ್ಯವಹಾರಗಳ ಗತಿಯೇನು ಎಂಬುದಕ್ಕೆಂದೇ 1948ರಲ್ಲಿ ಮೈಸೂರು ಶಾಸನ ಸಭೆಯಿಂದ ಪ್ರತ್ಯೇಕ ಕಾಯ್ದೆಯೊಂದು ಬಂದಿತು. ಅದಾದ ಮೇಲೆ, 1949ರ ಡಿಸೆಂಬರ್‌ನಲ್ಲಿ, ಎರಡು ಪುರಸಭೆಗಳು ಕೂಡಿ ಬೆಂಗಳೂರು ನಗರಪಾಲಿಕೆಯಾಯಿತು. ಮೊದಲು ದಾಖಲೆಗಳಿಗೆ ರಕ್ಷಣೆ, ಆಮೇಲೆ ಗಡಿಯ ವಿಲೀನ: ಅಂದಿನವರು ಅನುಸರಿಸಿದ ಕ್ರಮ ಇದು. 1956ರಲ್ಲಿ ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಮತ್ತು ಮೈಸೂರಿನ ಭಾಗಗಳು ಒಂದಾದಾಗಲೂ ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 119ನೇ ಪ್ರಕರಣವು ಆಯಾ ಪ್ರದೇಶದ ಹಳೆಯ ಕಾನೂನುಗಳನ್ನು, ಬದಲಾವಣೆಯಾಗುವವರೆಗೆ, ಹಾಗೆಯೇ ಮುಂದುವರಿಸಿತು. ಇಡೀ ರಾಜ್ಯಕ್ಕೆ ಒಂದೇ ಮಾರಾಟ ತೆರಿಗೆ ಕಾಯ್ದೆ ಬರಲು 1957ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು. ಕೆಲಸ ನಿಧಾನವೆನಿಸಬಹುದು, ಆದರೆ ವರ್ತಕನ ಹಳೆಯ ಪತ್ರ ರಾತ್ರೋರಾತ್ರಿ ಅಪರಿಚಿತವಾಗಲಿಲ್ಲ.

ಮಂಡ್ಯ ಜಿಲ್ಲೆಯು 1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರೆಯಾದದ್ದು, 1997ರಲ್ಲಿ ಒಮ್ಮೆಗೇ ಏಳು ಹೊಸ ಜಿಲ್ಲೆಗಳು ಬಂದದ್ದು ಎಲ್ಲರಿಗೂ ತಿಳಿದ ಸಂಗತಿ. ಈ ನಡುವೆ ವಾಸುದೇವರಾವ್, ಹುಂಡೇಕರ್, ಗದ್ದಿಗೌಡರ್, ಎಂ.ಬಿ. ಪ್ರಕಾಶ್ ಅವರ ಹೆಸರಿನ ಸಮಿತಿಗಳು ಗಡಿಗಳನ್ನು ಪರಿಶೀಲಿಸಿ ವರದಿ ಕೊಟ್ಟವು. ಬೆಂಗಳೂರು ಜಿಲ್ಲೆಯ ಸರದಿ ಬಂದದ್ದು 1986ರ ಆಗಸ್ಟ್ 15ರಂದು. ಅಂದು ಅದು ಬೆಂಗಳೂರು ನಗರ ಮತ್ತು ಬೆಂಗಳೂರು ಗ್ರಾಮಾಂತರ ಎಂದು ಇಬ್ಭಾಗವಾಯಿತು. ಕಾಮಾಕ್ಷಿಪಾಳ್ಯ ನಗರ ಜಿಲ್ಲೆಗೆ ಉಳಿಯಿತು. ಗ್ರಾಮಾಂತರಕ್ಕೆ ಎಂಟು ತಾಲ್ಲೂಕುಗಳು ಹೋದವು. ವಿಚಿತ್ರವೆಂದರೆ ಸುಮಾರು ಮೂರು ದಶಕಗಳ ಕಾಲ ಗ್ರಾಮಾಂತರ ಜಿಲ್ಲೆಯ ಜಿಲ್ಲಾಧಿಕಾರಿ ಕಚೇರಿ ಬೆಂಗಳೂರು ನಗರದೊಳಗೇ, ಅಂದರೆ ತನ್ನ ಜಿಲ್ಲೆಯ ಹೊರಗೇ ಇತ್ತು. ದೇವನಹಳ್ಳಿ ತಾಲ್ಲೂಕಿನ ಬೀರಸಂದ್ರಕ್ಕೆ ಅದು ಸ್ಥಳಾಂತರವಾದದ್ದು ತೀರ ಈಚೆಗೆ. ಆಡಳಿತವನ್ನು ಜನರ ಹತ್ತಿರ ಒಯ್ಯುವುದೇ ವಿಭಜನೆಯ ಉದ್ದೇಶವಾಗಿದ್ದರೆ, ದೊಡ್ಡಬಳ್ಳಾಪುರದ ಮಗ್ಗದ ಮಾಲೀಕನಿಗೆ ಆ ಮೂವತ್ತು ವರ್ಷಗಳಲ್ಲಿ ಹತ್ತಿರವಾದದ್ದೇನು ಎಂದು ಕೇಳಬಹುದು.

2007ರ ಆಗಸ್ಟ್‌ನಲ್ಲಿ ಗ್ರಾಮಾಂತರವೂ ಒಡೆಯಿತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ರಾಮನಗರ ಜಿಲ್ಲೆಯಾದವು. ಈ ಒಂದು ಗೆರೆಯ ವಾಣಿಜ್ಯ ಪರಿಣಾಮವನ್ನು ಕಾಮಾಕ್ಷಿಪಾಳ್ಯದ ಉದ್ಯಮಿಗಳು ಚೆನ್ನಾಗಿ ಅರಿಯಬೇಕು. ಜಾಗ ಸಾಲದೆ ಮಾಗಡಿ ರಸ್ತೆಯಲ್ಲೇ ಪಶ್ಚಿಮಕ್ಕೆ ಹೋಗಿ ಹೊಸ ಶೆಡ್ಡು ಹಾಕಲು ಯೋಚಿಸುವವರು ಹಲವರಿದ್ದಾರೆ. ತಾವರೆಕೆರೆ ಬೆಂಗಳೂರು ನಗರ ಜಿಲ್ಲೆಯ ದಕ್ಷಿಣ ತಾಲ್ಲೂಕಿನಲ್ಲಿದೆ. ಅದನ್ನು ದಾಟಿ ಮಾಗಡಿ ತಾಲ್ಲೂಕಿಗೆ ಕಾಲಿಟ್ಟರೆ ಜಿಲ್ಲೆಯೇ ಬೇರೆ. 2020-25ರ ರಾಜ್ಯ ಕೈಗಾರಿಕಾ ನೀತಿಯು ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳನ್ನು ಮೂರನೆಯ ವಲಯದಲ್ಲಿಟ್ಟಿತ್ತು; ಉಳಿದ ಎರಡು ವಲಯಗಳಿಗೆ ದೊರೆಯುತ್ತಿದ್ದ ರಿಯಾಯಿತಿಗಳ ಬಹುಪಾಲು ಅಲ್ಲಿಗೆ ಇರಲಿಲ್ಲ. ಒಂದೇ ರಸ್ತೆ, ಒಂದೇ ಬಗೆಯ ಜಮೀನು, ಒಂದೇ ಯಂತ್ರ. ಗೆರೆಯ ಈಚೆಗೆ ಒಂದು ಲೆಕ್ಕ, ಆಚೆಗೆ ಇನ್ನೊಂದು ಲೆಕ್ಕ. 2007ರಲ್ಲಿ ರಾಮನಗರ ಜಿಲ್ಲೆ ಆಗದೆ ಮಾಗಡಿಯು ಗ್ರಾಮಾಂತರದಲ್ಲೇ ಉಳಿದಿದ್ದರೆ ಅದೂ ಮೂರನೆಯ ವಲಯಕ್ಕೇ ಸೇರುತ್ತಿತ್ತು. ಜಿಲ್ಲೆಯ ಗಡಿ ಎಳೆದವರು ಹದಿಮೂರು ವರ್ಷ ಮುಂದಿನ ಸಹಾಯಧನವನ್ನು ಯೋಚಿಸಿ ಎಳೆದವರಲ್ಲ. ಆದರೂ ಸಹಾಯಧನ ಆ ಗೆರೆಯನ್ನೇ ಹಿಡಿದು ನಿಂತಿತು. ಜಿಲ್ಲೆ ಎಂಬುದು ಆಡಳಿತದ ಅನುಕೂಲಕ್ಕಾಗಿ ಮಾಡಿದ್ದು, ವ್ಯಾಪಾರಕ್ಕೂ ಅದಕ್ಕೂ ಸಂಬಂಧವಿಲ್ಲ ಎನ್ನುವವರು ಈ ಉದಾಹರಣೆಯನ್ನು ನೋಡಬೇಕು.

2025 ಹೆಸರುಗಳ ವರ್ಷ. ಮೇ ತಿಂಗಳಲ್ಲಿ ರಾಮನಗರ ಜಿಲ್ಲೆಯು ಬೆಂಗಳೂರು ದಕ್ಷಿಣ ಜಿಲ್ಲೆಯಾಯಿತು. ಜುಲೈನಲ್ಲಿ ನಂದಿಬೆಟ್ಟದಲ್ಲಿ ಸೇರಿದ್ದ ಸಚಿವ ಸಂಪುಟವು ಗ್ರಾಮಾಂತರ ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡಲು ತೀರ್ಮಾನಿಸಿತು. ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಜಾಗದಲ್ಲಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ, ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ನಗರಪಾಲಿಕೆಗಳು ಬಂದವು. ಫಲಿತಾಂಶ ಹೀಗಿದೆ: 'ಬೆಂಗಳೂರು ದಕ್ಷಿಣ' ಎಂದರೆ ಒಂದು ಜಿಲ್ಲೆ, ಇನ್ನೊಂದು ಜಿಲ್ಲೆಯೊಳಗಿನ ಒಂದು ತಾಲ್ಲೂಕು, ಒಂದು ನಗರಪಾಲಿಕೆ, ಒಂದು ಲೋಕಸಭಾ ಕ್ಷೇತ್ರ, ಒಂದು ವಿಧಾನಸಭಾ ಕ್ಷೇತ್ರ. ಐದಕ್ಕೂ ಗಡಿ ಬೇರೆ ಬೇರೆ. ಹೂಡಿಕೆದಾರರನ್ನು ಸೆಳೆಯಲು ಬೆಂಗಳೂರಿನ ಹೆಸರು ನೆರವಾಗುತ್ತದೆ ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಕನಕಪುರ, ಚನ್ನಪಟ್ಟಣಗಳ ಜಮೀನಿಗೆ ಅದರಿಂದ ಬೆಲೆ ಬರಬಹುದು. ಆದರೆ ಕ್ರಯಪತ್ರದ ಷೆಡ್ಯೂಲಿನಲ್ಲಿ 'ಬೆಂಗಳೂರು ದಕ್ಷಿಣ' ಎಂದು ಬರೆದ ಗುಮಾಸ್ತನು ತಾಲ್ಲೂಕನ್ನು ಹೇಳಿದನೋ ಜಿಲ್ಲೆಯನ್ನು ಹೇಳಿದನೋ ಎಂದು ಇಪ್ಪತ್ತು ವರ್ಷಗಳ ಮೇಲೆ ಬ್ಯಾಂಕಿನ ವಕೀಲರು ಕೇಳದಿರುವುದಿಲ್ಲ. 2014ರಲ್ಲಿ ಇಂಗ್ಲಿಷಿನ ಕಾಗುಣಿತ ಬದಲಾದಾಗ ಕನ್ನಡದಲ್ಲಿ ಬರೆಸಿದ ಪತ್ರಗಳಿಗೆ ಒಂದು ಅಕ್ಷರದ ತೊಂದರೆಯೂ ಆಗಲಿಲ್ಲ. ಈ ಸಲದ ಗೊಂದಲ ಕನ್ನಡದ ಪತ್ರಗಳಿಗೇ ಬಂದಿದೆ.

ಊರಿನ ಗಡಿ ಸರಿದ ಗುರುತು ಮಾಗಡಿ ರಸ್ತೆಯಲ್ಲೇ ಇದೆ. ಕಾರ್ಡ್ ರಸ್ತೆ ಕೂಡುವಲ್ಲಿನ ಟೋಲ್‌ಗೇಟ್ ಎಂಬ ಹೆಸರು ಸುಂಕದ ಕಾಲದ್ದು. ಆಕ್ಟ್ರಾಯ್ 1979ರಲ್ಲಿ ರದ್ದಾಗಿ ದಶಕಗಳು ಕಳೆದರೂ ಬಸ್ಸಿನ ನಿರ್ವಾಹಕರು ಅದೇ ಹೆಸರು ಕೂಗುತ್ತಾರೆ. 2007ರಲ್ಲಿ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳು ಪಾಲಿಕೆಗೆ ಸೇರಿದಾಗ ನಗರದ ಅಂಚು ಇನ್ನೂ ಬಹುದೂರ ಸರಿಯಿತು. ಪಶ್ಚಿಮ ಬೆಂಗಳೂರಿನ ಸಣ್ಣ ಕೈಗಾರಿಕೆಗಳು ಬೆಳೆದದ್ದು ಈ ಸರಿಯುವ ಅಂಚಿನಲ್ಲಿ. ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿ ಸರ್ಕಾರವೇ ಕೊಟ್ಟ ಶೆಡ್ಡುಗಳಿದ್ದವು, ದಾಖಲೆಗಳು ಅಚ್ಚುಕಟ್ಟಾಗಿದ್ದವು. ಸುತ್ತಲಿನ ಹಳ್ಳಿಗಳ ಹಿಡುವಳಿಗಳಲ್ಲಿ ತಾನಾಗಿ ಎದ್ದ ಲೇತ್, ಎರಕ, ಲೇಪನ, ಪ್ಲಾಸ್ಟಿಕ್ ಅಚ್ಚಿನ ಘಟಕಗಳ ಪಾಡು ಹಾಗಲ್ಲ. ಕೆಲವಕ್ಕೆ ಗ್ರಾಮಠಾಣೆಯ ಹಕ್ಕು, ಕೆಲವಕ್ಕೆ ಭೂ ಪರಿವರ್ತನೆಯ ಆದೇಶ, ಕೆಲವಕ್ಕೆ ಕಂದಾಯ ನಿವೇಶನದ ಕ್ರಯಪತ್ರವೊಂದೇ ಆಧಾರ. ಬಿ-ಖಾತೆಯ ರಗಳೆ ಹುಟ್ಟಿದ್ದು ಇಲ್ಲಿಂದಲೇ.

ಇಂಥ ಘಟಕವೊಂದರ ಕಡತವನ್ನು ಬಿಡಿಸಿದರೆ ಜಿಲ್ಲೆಯ ಚರಿತ್ರೆಯೇ ಪದರ ಪದರವಾಗಿ ಕಾಣುತ್ತದೆ. ಮೊದಲ ಹಾಳೆಗಳಲ್ಲಿ ಶ್ಯಾನುಭೋಗರ ಕೈಬರಹ. 1961ರ ಕಾಯ್ದೆಯಿಂದ ವಂಶಪಾರಂಪರ್ಯದ ಗ್ರಾಮಾಧಿಕಾರ ರದ್ದಾದ ಮೇಲೆ ಗ್ರಾಮಲೆಕ್ಕಿಗರ ಸಹಿ. 1984ರ ಕ್ರಯಪತ್ರದಲ್ಲಿ 'ಬೆಂಗಳೂರು ಜಿಲ್ಲೆ', 1990ರ ಪಾಲುದಾರಿಕೆ ಪತ್ರದಲ್ಲಿ 'ಬೆಂಗಳೂರು ನಗರ ಜಿಲ್ಲೆ'. ಋಣಭಾರ ಪತ್ರವು 2004ರ ಏಪ್ರಿಲ್‌ನಿಂದ ಈಚೆಗೆ ಗಣಕಯಂತ್ರದಲ್ಲಿ ಸಿಗುತ್ತದೆ. ಅದಕ್ಕೂ ಹಿಂದಿನದು ಬೇಕಾದರೆ ಉಪನೋಂದಣಾಧಿಕಾರಿಗಳ ಕಚೇರಿಯ ಹಳೆಯ ಪುಸ್ತಕಗಳನ್ನು ಹುಡುಕಿಸಬೇಕು, ಅದೂ ಆ ಕಾಲದಲ್ಲಿ ಯಾವ ಕಚೇರಿಗೆ ಆ ಹಳ್ಳಿ ಸೇರಿತ್ತೆಂದು ತಿಳಿದಿದ್ದರೆ. ಬ್ಯಾಂಕಿನವರು ಮೂವತ್ತು ವರ್ಷಗಳ ಹಕ್ಕಿನ ಸರಣಿ ಕೇಳುತ್ತಾರೆ. ಮೂವತ್ತು ವರ್ಷಗಳಲ್ಲಿ ಪಾಲಿಕೆಯ ಹೆಸರು ಎರಡು ಬಾರಿ, ವಾರ್ಡಿನ ಸಂಖ್ಯೆ ಅದಕ್ಕೂ ಹೆಚ್ಚು ಬಾರಿ ಬದಲಾಗಿದೆ. ಎರಡು ಪತ್ರಗಳಲ್ಲಿ ಬೇರೆ ಬೇರೆಯಾಗಿ ವರ್ಣಿತವಾದ ಆಸ್ತಿ ಒಂದೇ ಎಂದು ಸಾಬೀತುಪಡಿಸುವ ಹೊರೆ ಮಾಲೀಕನದ್ದು. ಪ್ರಮಾಣಪತ್ರ, ತಿದ್ದುಪಡಿ ಪತ್ರ, ವಕೀಲರ ಅಭಿಪ್ರಾಯ, ಓಡಾಟ. ಇಷ್ಟರಲ್ಲಿ ಯಂತ್ರ ಪೂರೈಸುವವನು ಕೊಟ್ಟ ದರದ ಅವಧಿ ಮುಗಿದಿರುತ್ತದೆ. ಲಾಭ-ನಷ್ಟದ ಪಟ್ಟಿಯಲ್ಲಿ ಈ ಖರ್ಚಿಗೆ ಪ್ರತ್ಯೇಕ ಶೀರ್ಷಿಕೆ ಇಲ್ಲ. 'ಕಾನೂನು ಮತ್ತು ವೃತ್ತಿ ಶುಲ್ಕ' ಎಂಬ ಒಂದು ಸಾಲಿನಲ್ಲಿ ಅದು ಅಡಗಿ ಕುಳಿತಿರುತ್ತದೆ, ಆದ್ದರಿಂದಲೇ ಯಾರ ಗಮನಕ್ಕೂ ಬರುವುದಿಲ್ಲ.

ಜಿ.ಎಸ್.ಟಿ. ನೋಂದಣಿಯ ವಿವರ ಬದಲಾದರೆ ಹದಿನೈದು ದಿನಗಳೊಳಗೆ ತಿದ್ದುಪಡಿ ಅರ್ಜಿ ಸಲ್ಲಿಸಬೇಕೆಂದು 19ನೇ ನಿಯಮ ಹೇಳುತ್ತದೆ. ವ್ಯಾಪಾರಿಯು ಜಾಗ ಬದಲಿಸಿದಾಗ ಇದು ನ್ಯಾಯ. ವ್ಯಾಪಾರಿ ಇದ್ದಲ್ಲೇ ಇದ್ದು ಸರ್ಕಾರವೇ ಜಾಗದ ಹೆಸರು ಬದಲಿಸಿದಾಗ? ತೆರಿಗೆ ಇಲಾಖೆಯ ಜಾಲತಾಣದಲ್ಲಿ ಒಂದು ಜಿಲ್ಲೆ, ಪರವಾನಗಿಯಲ್ಲಿ ಇನ್ನೊಂದು, ವಿದ್ಯುತ್ ಬಿಲ್ಲಿನಲ್ಲಿ ಮತ್ತೊಂದು ಬಂದರೆ ತಪ್ಪು ಯಾರದು ಎಂಬುದನ್ನು ಪರಿಶೀಲನೆಗೆ ಬರುವ ಅಧಿಕಾರಿಯ ವಿವೇಚನೆಗೆ ಬಿಡುವುದು ಸರಿಯಲ್ಲ.

ಹಾಗೆಂದು ವಿಭಜನೆಯೇ ಬೇಡವೆನ್ನುವುದು ಅವಿವೇಕ. 2011ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 96 ಲಕ್ಷ ದಾಟಿತ್ತು. ಗ್ರಾಮಾಂತರದ್ದು ಹತ್ತು ಲಕ್ಷವೂ ಇರಲಿಲ್ಲ. ಒಬ್ಬ ಜಿಲ್ಲಾಧಿಕಾರಿ, ಒಬ್ಬ ಪಾಲಿಕೆ ಆಯುಕ್ತ ಇಷ್ಟು ಜನರ ಅಹವಾಲು ಕೇಳುವುದು ಅಸಾಧ್ಯ. ಕನಕಪುರದ ರೇಷ್ಮೆ ವ್ಯಾಪಾರಿಗೆ ರಾಮನಗರದಲ್ಲಿ ಜಿಲ್ಲಾ ಕಚೇರಿ ಸಿಕ್ಕಿದ್ದು ನಿಜವಾದ ಉಪಕಾರ. ಪಶ್ಚಿಮ ಪಾಲಿಕೆಯ ಆಯುಕ್ತರು ಕಾಮಾಕ್ಷಿಪಾಳ್ಯದ ಚರಂಡಿಯನ್ನೂ ಲಾರಿ ತಿರುಗದ ಅಡ್ಡರಸ್ತೆಯನ್ನೂ ಕಣ್ಣಾರೆ ನೋಡುವ ಸಂಭವ ಹಿಂದಿಗಿಂತ ಹೆಚ್ಚು. ತಕರಾರು ಇರುವುದು ಗೆರೆಯ ಬಗ್ಗೆ ಅಲ್ಲ, ಗೆರೆ ಎಳೆದ ಮರುದಿನ ಮಾಡದೆ ಬಿಟ್ಟ ಕೆಲಸದ ಬಗ್ಗೆ.

ಆ ಕೆಲಸ ದೊಡ್ಡದೇನಲ್ಲ. ಗಡಿ ಅಥವಾ ಹೆಸರು ಬದಲಿಸುವ ಪ್ರತಿ ಅಧಿಸೂಚನೆಯ ಜೊತೆಗೆ, ಗ್ರಾಮವಾರು ಮತ್ತು ವಾರ್ಡುವಾರು, ಹಳೆಯ ಹೆಸರು ಯಾವುದು ಹೊಸದು ಯಾವುದು ಎಂಬ ಅಧಿಕೃತ ಕೋಷ್ಟಕವೊಂದನ್ನು ರಾಜ್ಯಪತ್ರದಲ್ಲಿ ಪ್ರಕಟಿಸಬೇಕು. ಅದನ್ನು ನೋಂದಣಿ ಇಲಾಖೆ, ಬ್ಯಾಂಕುಗಳು ಮತ್ತು ತೆರಿಗೆ ಇಲಾಖೆಗಳು ಪುರಾವೆಯೆಂದು ಒಪ್ಪಬೇಕು. ಪ್ರತಿಯೊಬ್ಬ ಮಾಲೀಕನೂ ತನ್ನ ಪಾಲಿಗೆ ಬೇರೆ ಬೇರೆ ಪ್ರಮಾಣಪತ್ರ ತರುವ ಅಗತ್ಯ ಬರಬಾರದು. ಸರ್ಕಾರದ ಬದಲಾವಣೆಯಿಂದ ಉಂಟಾದ ತಿದ್ದುಪಡಿಗೆ ಶುಲ್ಕ ಪಡೆಯಬಾರದು. ಹೊಸ ಕಚೇರಿಗೆ ಕಡತಗಳನ್ನು ಸಾಗಿಸುವಾಗ ಯಾವ ವರ್ಷದ ಯಾವ ಪುಸ್ತಕ ಎಲ್ಲಿಗೆ ಹೋಯಿತೆಂಬ ಸೂಚಿಯನ್ನು ಹಳೆಯ ಕಚೇರಿಯಲ್ಲೂ ಉಳಿಸಬೇಕು. ಒಂದು ಗೋದಾಮಿನಿಂದ ಇನ್ನೊಂದಕ್ಕೆ ಸರಕು ಕಳಿಸುವ ವರ್ತಕನು ದಾಸ್ತಾನು ಪುಸ್ತಕದಲ್ಲಿ ಇಷ್ಟು ಬರೆಯದೆ ಬಿಡುವುದಿಲ್ಲ.

ಇದಕ್ಕೆ ಒಳ್ಳೆಯ ಅವಕಾಶವೂ ಈಗ ಒದಗಿದೆ. 2027ರ ಜನಗಣತಿಯ ಸಲುವಾಗಿ 2025ರ ಡಿಸೆಂಬರ್ 31ರ ನಂತರ ಆಡಳಿತ ಗಡಿಗಳನ್ನು ಬದಲಿಸದಂತೆ ರಾಜ್ಯಗಳಿಗೆ ಸೂಚಿಸಲಾಗಿತ್ತು. ಗೆರೆಗಳು ಅಲುಗಾಡದೆ ನಿಲ್ಲುವ ಇಂಥ ಅವಧಿ ಅಪರೂಪ. ಅದು ಮುಗಿದ ಮೇಲೆ ಹೊಸ ತಾಲ್ಲೂಕು, ಹೊಸ ಜಿಲ್ಲೆಗಳ ಬೇಡಿಕೆಗಳು ಮತ್ತೆ ಸಾಲುಗಟ್ಟುವುದು ಖಚಿತ. ಅಷ್ಟರೊಳಗೆ ವಾಣಿಜ್ಯ ಸಂಸ್ಥೆಗಳು ಪಶ್ಚಿಮ ಪಾಲಿಕೆಯ ವ್ಯಾಪ್ತಿಯ ಕೈಗಾರಿಕಾ ಬಡಾವಣೆಗಳನ್ನಾದರೂ ಆಯ್ದುಕೊಂಡು, 1986ರಿಂದ ಈಚೆಗೆ ಆಯಾ ಜಾಗಕ್ಕೆ ಇದ್ದ ಜಿಲ್ಲೆ, ತಾಲ್ಲೂಕು, ಪಾಲಿಕೆ, ವಾರ್ಡುಗಳ ಪಟ್ಟಿಯೊಂದನ್ನು ಸದಸ್ಯರ ಪತ್ರಗಳ ಆಧಾರದಿಂದ ಸಿದ್ಧಪಡಿಸಿ, ಕಂದಾಯ ಇಲಾಖೆಯ ಮುಂದಿಡಬಹುದು. ಸದಸ್ಯರು ತಮ್ಮ ಮಟ್ಟಿಗೆ ಇಂದೇ ಮಾಡಬಹುದಾದದ್ದೂ ಇದೆ: ಮುಂದೆ ಬರೆಸುವ ಯಾವುದೇ ಪತ್ರದ ಷೆಡ್ಯೂಲಿನಲ್ಲಿ ಸರ್ವೆ ಸಂಖ್ಯೆ, ಗ್ರಾಮ, ಹೋಬಳಿಗಳನ್ನು ಮೊದಲು ಬರೆಸಿ, ತಾಲ್ಲೂಕು, ಜಿಲ್ಲೆ, ಪಾಲಿಕೆ ಎಂಬ ಪದಗಳನ್ನು ಬಿಡದೆ ಸೇರಿಸಿ, ಹಿಂದಿನ ಪತ್ರದಲ್ಲಿದ್ದ ವರ್ಣನೆಯನ್ನೂ 'ಹಿಂದೆ ಹೀಗೆ ಕರೆಯಲ್ಪಡುತ್ತಿದ್ದ' ಎಂದು ಕಾಣಿಸುವುದು. ಪತ್ರಕ್ಕೆ ಅದರಿಂದ ಹೆಚ್ಚಾಗುವುದು ಎರಡು ಸಾಲು.